ನಾಗರತ್ನಮ್ಮನವರ ಮೇಲೆ ಸಂಗೀತ ನಾಟಕ: ಎಷ್ಟು ನಡೆದದ್ದು, ಎಷ್ಟು ಕಟ್ಟಿದ್ದು?

ಬನಶಂಕರಿ_ಬಯಲಾಟ

ಕರ್ನಾಟಕ ಸಂಗೀತದ ಗಾಯಕಿ ಬೆಂಗಳೂರು ನಾಗರತ್ನಮ್ಮ (1878–1952) ಅವರ ಬದುಕಿನ ಮೇಲೆ ಎರಡು ಗಂಟೆಯ ಸಂಗೀತ ನಾಟಕ ಕಟ್ಟುತ್ತಿದ್ದೇವೆ. ಹವ್ಯಾಸಿ ತಂಡ, ಬಸವನಗುಡಿಯಲ್ಲಿ ತಾಲೀಮು. ನಟರು ಹನ್ನೆರಡು ಜನ. ಹಿಮ್ಮೇಳಕ್ಕೆ ಹಾರ್ಮೋನಿಯಂ, ಪಿಟೀಲು, ಮೃದಂಗ, ಒಂದು ಕ್ಲಾರಿಯೋನೆಟ್. ಕರಡು ಓದಿದಾಗ ಅರ್ಧ ಜನ "ಪಾಠ ಕೇಳಿದ ಹಾಗಿದೆ" ಅಂದರು, ಇನ್ನರ್ಧ "ಇದೆಲ್ಲ ನಡೆದೇ ಇಲ್ಲವಲ್ಲ" ಅಂದರು.

ಹುಟ್ಟಿದ ನಂಜನಗೂಡಿನಿಂದ ಕೊನೆಗೆ ನೆಲೆಸಿದ ತಮಿಳುನಾಡಿನ ತಿರುವಯ್ಯಾರಿನವರೆಗೆ ಎಪ್ಪತ್ತು ಚಿಲ್ಲರೆ ವರ್ಷ. ಯಾವುದನ್ನು ಇಟ್ಟುಕೊಳ್ಳಬೇಕು, ಯಾರ ಹೆಸರು ಹಾಗೇ ಬಿಡಬೇಕು, ಯಾರನ್ನು ಕಲ್ಪಿಸಬಹುದು? ತ್ಯಾಗರಾಜರ ಕೃತಿಗಳನ್ನೇ ಹಾಡಿಸಬೇಕೋ, ಕನ್ನಡ ರಂಗಗೀತೆ ಬರೆಸಬೇಕೋ? ಒಬ್ಬ ನಟಿ ಸಾಕೋ, ಮೂವರು ಬೇಕೋ? ಮಾಡಿ ಗೊತ್ತಿರುವವರು ಬಿಡಿಸಿ ಹೇಳಿ.

ಮಡಚಿದ_ಪರದೆ

ಎರಡೂ ದೂರಿಗೆ ಬೇರು ಒಂದೇ. ಇಸವಿಗಳನ್ನು ಪಾತ್ರದ ಬಾಯಿಗೆ ತುರುಕಿದರೆ ಪಾಠ ಆಗುತ್ತೆ. ಆ ಬೇಸರ ಕಳೆಯೋಕೆ ಅಂತ ನಡುವೆ ಒಂದು ಪ್ರೇಮಕಥೆ ತಂದು ಹೊಲಿದರೆ ಸುಳ್ಳು ಅನ್ನಿಸುತ್ತೆ. ನಿಮ್ಮ ಕರಡಿನಲ್ಲಿ ಎರಡೂ ಇವೆ ಅಂತ ನನ್ನ ಅನುಮಾನ.

ಆಕೆ ಮಾಡಿದ್ದನ್ನು ಮುಟ್ಟಬೇಡಿ. ಸುತ್ತ ಯಾರಿದ್ದರು, ಎಷ್ಟು ಜನ ಇದ್ದರು, ನಡುವೆ ಎಷ್ಟು ವರ್ಷ ಕಳೆಯಿತು ಅನ್ನೋ ಕಡೆ ಬೇಕಾದಷ್ಟು ಕತ್ತರಿ ಆಡಿಸಿ.

ದಿ ಸೌಂಡ್ ಆಫ್ ಮ್ಯೂಸಿಕ್ ಎಲ್ಲರೂ ನೋಡಿರ್ತೀರಿ. ನಿಜದ ಮರಿಯಾ ಆ ಮನೆಗೆ ಹೋಗಿದ್ದು ಒಬ್ಬಳೇ ಹುಡುಗಿಗೆ ಪಾಠ ಹೇಳೋಕೆ. ಮದುವೆ 1927ರಲ್ಲಿ, ಆಸ್ಟ್ರಿಯಾ ಬಿಟ್ಟಿದ್ದು 1938ರಲ್ಲಿ. ರಂಗದ ಮೇಲೆ ಆ 11 ವರ್ಷ ಮಾಯ. ನಾಟಕದಲ್ಲಿ ಹಿರಿಯ ಮಗು ಹೆಣ್ಣು, ನಿಜದಲ್ಲಿ ಗಂಡು, ಹೆಸರು ರೂಪರ್ಟ್. ಮನೆಯವರ ಹಾಡುಗಾರಿಕೆಯನ್ನು ತಿದ್ದಿ ತೀಡಿದ ಪಾದ್ರಿ ಫ್ರಾಂಟ್ಸ್ ವಾಸ್ನರ್ ನಾಟಕದಲ್ಲಿ ಇಲ್ಲವೇ ಇಲ್ಲ, ಆ ಜಾಗದಲ್ಲಿ ಮ್ಯಾಕ್ಸ್ ಅನ್ನೋ ಮಾತಿನಮಲ್ಲ ಇದ್ದಾನೆ. ಅವರು ಬೆಟ್ಟ ಹತ್ತಿ ಓಡಲಿಲ್ಲ, ರೈಲು ಹತ್ತಿ ಇಟಲಿಗೆ ಹೋದರು. ಇಷ್ಟು ಬದಲಾದರೂ ಕಥೆ ಕುಸಿಯಲಿಲ್ಲ ಯಾಕೆ? ಕ್ಯಾಪ್ಟನ್ ನಾಜಿಗಳ ಕೆಲಸ ಒಲ್ಲೆ ಅಂದದ್ದು, ಹಾಡುವ ಕುಟುಂಬ ದೇಶ ಬಿಟ್ಟದ್ದು, ಈ ಎರಡು ಕಂಬ ಅಲುಗಲಿಲ್ಲ.

ಷಿಕಾಗೋ (1975) ಅನ್ನೋ ಅಮೆರಿಕದ ಸಂಗೀತ ನಾಟಕ ಇನ್ನೊಂದು ದಾರಿ ಹಿಡಿಯಿತು. 1924ರಲ್ಲಿ ಕೊಲೆ ಆರೋಪದಿಂದ ಬಿಡುಗಡೆಯಾದ ಬ್ಯೂಲಾ ಆನನ್, ಬೆಲ್ವಾ ಗೇರ್ಟ್‌ನರ್ ಎಂಬ ಇಬ್ಬರು ಹೆಂಗಸರು ಅಲ್ಲಿ ರಾಕ್ಸಿ, ವೆಲ್ಮಾ ಆದರು. ಇಬ್ಬರು ವಕೀಲರನ್ನು ಬೆಸೆದು ಬಿಲ್ಲಿ ಫ್ಲಿನ್ ಎಂಬ ಒಬ್ಬನನ್ನು ಮಾಡಿದರು. ಆ ಮೊಕದ್ದಮೆಗಳ ವರದಿ ಮಾಡಿದ ಪತ್ರಕರ್ತೆಯೇ ಮೂಲ ನಾಟಕ ಬರೆದದ್ದು, ಹಾಗಾಗಿ ಎಲ್ಲಿ ಕೊಯ್ಯಬೇಕು ಅಂತ ಆಕೆಗೆ ಗೊತ್ತಿತ್ತು. ಅಮೆರಿಕದ ರಾಜಕಾರಣಿ ಅಲೆಕ್ಸಾಂಡರ್ ಹ್ಯಾಮಿಲ್ಟನ್ ಮೇಲಿನ ಸಂಗೀತ ನಾಟಕ ಹ್ಯಾಮಿಲ್ಟನ್‌ನಲ್ಲಿ ಮಾತ್ರ ಒಂದು ಕಡೆ ನನಗೆ ಒಪ್ಪಿಗೆ ಇಲ್ಲ: ಆತನ ಹೆಂಡತಿಯ ಅಕ್ಕ ಆಂಜೆಲಿಕಾ ತಂಗಿಗೋಸ್ಕರ ಪ್ರೀತಿ ಬಿಟ್ಟುಕೊಡುವ ದೃಶ್ಯ. ನಿಜದಲ್ಲಿ ಆಕೆಯ ಮದುವೆ 1777ರಲ್ಲೇ ಆಗಿತ್ತು, ತಂಗಿಯ ಮದುವೆ 1780ರಲ್ಲಿ. ಹಾಡು ಸೊಗಸಾಗಿದೆ, ಆದರೆ ಬದಲಾದದ್ದು ಕಾಲವಲ್ಲ, ಆಕೆಯ ಮನಸ್ಸು.

ನಿಮ್ಮ ನಾಟಕಕ್ಕೆ ಬರೋಣ. ಕಂಬಗಳು ಮೂರು. ಒಂದು, 18ನೇ ಶತಮಾನದ ಕವಯಿತ್ರಿ ಮುದ್ದುಪಳನಿಯ ತೆಲುಗು ಶೃಂಗಾರಕಾವ್ಯ ರಾಧಿಕಾ ಸಾಂತ್ವನವನ್ನು, ಹಿಂದಿನ ಮುದ್ರಣದಲ್ಲಿ ಕೈಬಿಟ್ಟ ಪದ್ಯಗಳ ಸಮೇತ, 1910ರಲ್ಲಿ ಅಚ್ಚು ಹಾಕಿಸಿದ್ದು, 1911ರಲ್ಲಿ ಸರ್ಕಾರ ಅದನ್ನು ಅಶ್ಲೀಲ ಅಂತ ನಿಷೇಧಿಸಿದ್ದು. ಎರಡು, ತಿರುವಯ್ಯಾರಿನಲ್ಲಿ ತ್ಯಾಗರಾಜರ ಸಮಾಧಿ ಪಾಳುಬಿದ್ದಿದೆ ಅಂತ 1921ರಲ್ಲಿ ಮೈಸೂರಿನ ಗಾಯಕ ಬಿಡಾರಂ ಕೃಷ್ಣಪ್ಪನವರ ಕಾಗದದಿಂದ ಸುದ್ದಿ ತಿಳಿದು, ಜಾಗ ಕೊಂಡು, ಗಳಿಸಿದ್ದನ್ನು ಸುರಿದು 1925ರ ಹೊತ್ತಿಗೆ ಮಂದಿರ ಕಟ್ಟಿಸಿದ್ದು. ಮೂರು, ತ್ಯಾಗರಾಜರ ನೆನಪಿಗೆ ಅಲ್ಲಿ ವರ್ಷವರ್ಷ ನಡೆಯುವ ಸಂಗೀತೋತ್ಸವದಲ್ಲಿ, ಅಂದರೆ ಆರಾಧನೆಯಲ್ಲಿ, ಹೆಂಗಸರು ಹಾಡುವಂತಿಲ್ಲ ಅಂದಾಗ ಪಟ್ಟು ಬಿಡದೆ ನಿಂತದ್ದು. ಬಾಲ್ಯ, ಮೈಸೂರಿನ ಸಂಸ್ಕೃತ ಪಾಠ, ತಾಯಿ ಪುಟ್ಟಲಕ್ಷ್ಮಿ, ಆಸ್ಥಾನ, ಮದ್ರಾಸಿನ ವೈಭವ ಎಲ್ಲ ಈ ಮೂರಕ್ಕೆ ಮೆಟ್ಟಿಲು. ಮೊದಲ ಅಂಕ 1911ರ ಜಪ್ತಿಗೆ ನಿಲ್ಲಿಸಿ, ಎರಡನೆಯದು ಕೃಷ್ಣಪ್ಪನವರ ಕಾಗದದಿಂದ ಏಳಲಿ. ಕಾಗದ ಅಂದರೆ ಹಾಡೋಕೆ ಹೇಳಿ ಮಾಡಿಸಿದ ವಸ್ತು: ಬರೆದವರು ಒಂದು ಮೂಲೆ, ಓದುವವರು ಇನ್ನೊಂದು ಮೂಲೆ, ನಡುವೆ ಮೈಸೂರಿನಿಂದ ಮದ್ರಾಸಿನಷ್ಟು ದೂರ.

ಆರಾಧನೆಯಲ್ಲಿ ದೊಡ್ಡ ಪಕ್ಷ, ಚಿಕ್ಕ ಪಕ್ಷ ಅಂತ ಎರಡು ಬಣ ಇದ್ದವು, ಭಾಗವತರುಗಳ ಪಟ್ಟಿ ಉದ್ದ. ಎಲ್ಲರನ್ನೂ ತಂದರೆ ಪ್ರೇಕ್ಷಕ ಪಂಚೆ ಎಣಿಸುತ್ತಾ ಕೂತಿರ್ತಾನೆ. ಬಣಕ್ಕೊಬ್ಬ ಸಾಕು, ಇಬ್ಬರೂ ಕಲ್ಪಿತ ಹೆಸರಿನವರು. ಹೆಂಗಸರನ್ನು ಹೊರಗಿಡೋ ವಿಷಯದಲ್ಲಿ ಮಾತ್ರ ಇಬ್ಬರೂ ಒಂದಾಗಲಿ, ದೃಶ್ಯಕ್ಕೆ ನಗುವೂ ಬರುತ್ತೆ, ಕುಟುಕೂ ಇರುತ್ತೆ.

ಒಂದು ಎಚ್ಚರ. ರಾಧಿಕಾ ಸಾಂತ್ವನವನ್ನು ಖಂಡಿಸಿದ ತೆಲುಗು ಲೇಖಕ ಕಂದುಕೂರಿ ವೀರೇಶಲಿಂಗಂ ಅವರನ್ನು ಮೀಸೆ ತಿರುವೋ ಖಳನಾಯಕ ಮಾಡಬೇಡಿ. ವಿಧವಾ ವಿವಾಹಕ್ಕೆ ಬದುಕನ್ನೇ ಮುಡಿಪಿಟ್ಟ ಮನುಷ್ಯ ಅವರು. ಅಂಥ ಸುಧಾರಕರೇ "ಹೆಂಗಸು ಇಂಥದ್ದನ್ನು ಬರೆಯಬಾರದು" ಅನ್ನೋ ಕಡೆ ನಿಂತರು, ನಾಚಿಕೆ ಅನ್ನೋದು ಹೆಂಗಸರಿಗೆ ಮಾತ್ರವೇ ಅಂತ ನಾಗರತ್ನಮ್ಮ ಮುನ್ನುಡಿಯಲ್ಲಿ ತಿರುಗಿ ಕೇಳಿದರು. ಇಬ್ಬರು ಒಳ್ಳೆಯವರ ಜಗಳ ಇದು. ಖಳನನ್ನು ಮಾಡಿದಿರೋ, ಮೊದಲ ಅಂಕದ ಜೀವ ಹೋಯಿತು.

ಕಲ್ಪನೆಗೆ ಜಾಗ ಬೇಕಿದ್ದರೆ ಮುದ್ದುಪಳನಿಯನ್ನೇ ರಂಗಕ್ಕೆ ಕರೆಯಿರಿ. ಆಕೆ ತಂಜಾವೂರಿನ ಪ್ರತಾಪಸಿಂಹನ (1739–63) ಆಸ್ಥಾನದವಳು. ನೂರೈವತ್ತು ವರ್ಷ ಅಂತರದ ಇಬ್ಬರು ಒಂದೇ ಹಾಸಿನ ಮೇಲೆ ಕೂತು ಹಾಡಿದರೆ ಇತಿಹಾಸಕ್ಕೆ ಅಪಚಾರ ಅಂತ ಯಾರೂ ಅನ್ನಲ್ಲ, ಅದು ನಡೆದದ್ದಲ್ಲ ಅಂತ ಮಗುವಿಗೂ ಗೊತ್ತಾಗುತ್ತೆ. ತೊಂದರೆ ಕೊಡೋದು ನಡೆದಿರಬಹುದು ಅನ್ನಿಸುವ ಸುಳ್ಳು ಮಾತ್ರ.

ಐದೂವರೆ_ಮನೆ

ಮೇಲಿನವರು ಕಥೆ ಹೇಳಿದ್ರು, ನಾನು ಕಿವಿ ಹಿಡೀತೀನಿ. ಸಂಗೀತ ನಾಟಕದಲ್ಲಿ ತಪ್ಪು ಮೊದಲು ಗೊತ್ತಾಗೋದು ಹಾಡಲ್ಲಿ. ಮುಂದಿನ ಸಾಲಲ್ಲಿ ಕೂರೋ ಮಾಮಿಗಳು ಇಸವಿ ಮರೆತಿರಬಹುದು, ರಾಗ ಮರೆತಿರಲ್ಲ.

ಎಲ್ಲರೂ ಎಡವೋ ಜಾಗ ಪಂಚರತ್ನ, ಅಂದರೆ ತ್ಯಾಗರಾಜರ ಐದು ಹೆಸರಾಂತ ಕೃತಿಗಳು. ಈಗಿನಂತೆ ನೂರಾರು ಜನ ಸಾಲಾಗಿ ಕೂತು ಐದೂ ಕೃತಿಗಳನ್ನು ಒಟ್ಟಿಗೆ ಹಾಡೋ ಪದ್ಧತಿ ಬಂದದ್ದು ಬಣಗಳು ಒಂದಾದ ಮೇಲೆ, 1940–41ರ ಸುಮಾರಿಗೆ. 1925ರ ಮಂದಿರದ ದೃಶ್ಯದಲ್ಲಿ "ಎಂದರೋ ಮಹಾನುಭಾವುಲು" ಗೋಷ್ಠಿ ಹಾಕಿದರೆ ಕೆಟ್ಟಿತು. ಕೊನೆಯ ದೃಶ್ಯಕ್ಕೆ ಇಟ್ಟುಕೊಳ್ಳಿ, ಅಲ್ಲಿ ಸರಿಯಾಗಿ ಕೂರುತ್ತೆ. ಐದೂ ಹಾಡಿದರೆ ಹತ್ತಿರ ಹತ್ತಿರ ಒಂದು ಗಂಟೆ, ನಿಮ್ಮ ಅರ್ಧ ನಾಟಕ. ಶ್ರೀರಾಗದ ಆ ಒಂದರ ಪಲ್ಲವಿ, ಅನುಪಲ್ಲವಿ, ಒಂದು ಚರಣ ಸಾಕು, ಸ್ವರದ ಜೊತೆ ನಾಲ್ಕು ನಿಮಿಷ.

"ಭರತನಾಟ್ಯ" ಅನ್ನೋ ಮಾತು ಅಷ್ಟೇ ಅಪಾಯ. ಆ ಹೆಸರು ಚಾಲ್ತಿಗೆ ಬಂದದ್ದು 1930ರ ದಶಕದಲ್ಲಿ. ಅದಕ್ಕೆ ಮುಂಚೆ ಸದಿರ್, ಚಿನ್ನಮೇಳ. ಅದರ ಹಿಮ್ಮೇಳದವರು ನಿಂತು, ನರ್ತಕಿಯ ಹಿಂದೆಯೇ ಹೆಜ್ಜೆ ಹಾಕ್ತಾ ನುಡಿಸ್ತಿದ್ದರು. ನಿಮ್ಮ ಹತ್ರ ಕ್ಲಾರಿಯೋನೆಟ್ ಇರೋದು ವರ, ಆಗಿನ ಚಿನ್ನಮೇಳದಲ್ಲಿ ಅದು ಇತ್ತು. ಆ ದೃಶ್ಯದಲ್ಲಿ ಹಾರ್ಮೋನಿಯಂ ನಿಲ್ಲಿಸಿ, ಕ್ಲಾರಿಯೋನೆಟ್‌ನವರನ್ನು ಎಬ್ಬಿಸಿ ನಟಿಯ ಹಿಂದೆ ಬಿಡಿ. ಸೆಟ್ ಬದಲಿಸದೆ ಕಾಲ ಬದಲಾಗುತ್ತೆ.

ಕೃತಿಯೋ ರಂಗಗೀತೆಯೋ ಅಂದ್ರಿ. ಎರಡೂ ಬೇಕು, ಕೆಲಸ ಬೇರೆ ಬೇರೆ. ಆಕೆ ಸಭೆಯಲ್ಲಿ, ಪಾಠದಲ್ಲಿ, ಸಮಾಧಿ ಮುಂದೆ ಹಾಡೋದು ಕೃತಿ, ಪದ, ಜಾವಳಿ, ಮೂಲ ಭಾಷೆಯಲ್ಲೇ. ಮನಸ್ಸಿನ ಮಾತು, ಜಗಳ, ಕಾಗದ ಇವು ಕನ್ನಡದಲ್ಲಿ. ಕೃತಿಯನ್ನು ಕನ್ನಡಕ್ಕೆ ತಿರುಗಿಸಿ ಅದೇ ಧಾಟಿಗೆ ಕೂರಿಸಬೇಡಿ: ದೀರ್ಘ ಬೀಳೋ ಕಡೆ ಹ್ರಸ್ವ ಬಂದು ಸಂಗತಿ (ಒಂದೇ ಸಾಲನ್ನು ಬೇರೆ ಬೇರೆ ರೀತಿ ಬೆಳೆಸಿ ಹಾಡೋದು) ಕುಂಟುತ್ತೆ, ತಿಳಿದವರಿಗೆ ಮೂಲವೇ ಕಿವಿಯಲ್ಲಿ ಗುಂಯ್ ಅಂತಿರುತ್ತೆ. ಎರಡು ಗಂಟೆಗೆ 14–15 ಹಾಡು, ಸರಾಸರಿ ಮೂರು ನಿಮಿಷ, ಅದರಲ್ಲಿ ಕೃತಿ ಐದು ದಾಟದಿರಲಿ. ಸಂಗತಿ ಎರಡೆರಡೇ. ಒಳ್ಳೆ ಹಾಡುಗಾರ್ತಿಯನ್ನು ನಾಯಕಿ ಮಾಡಿದಾಗ ಆಕೆ ಒಂದೇ ಸಾಲನ್ನು ಹಿಡಿದು ವಿಸ್ತರಿಸೋ ನೆರವಲ್‌ಗೆ ಇಳಿದುಬಿಡ್ತಾಳೆ, ಎದುರಿನ ನಟ ಕೈಕಟ್ಟಿ ನಿಂತಿರ್ತಾನೆ.

ಶ್ರುತಿ ಈಗಲೇ ನಿಗದಿ ಮಾಡಿ, ಹಾಡು ಬರೆಸಿದ ಮೇಲಲ್ಲ. ಹಾರ್ಮೋನಿಯಂ ಮನೆಯ ಲೆಕ್ಕದಲ್ಲಿ ಹೆಂಗಸರ ಷಡ್ಜ ಸಾಮಾನ್ಯವಾಗಿ 5ರಿಂದ 6 ಮನೆ, ಗಂಡಸರದು 1ರಿಂದ 2. ಯುಗಳ ಬಂದಾಗ ಒಬ್ಬರು ಕಿರುಚ್ತಾರೆ ಇಲ್ಲ ಗೊಣಗ್ತಾರೆ. ಇದಕ್ಕೊಂದು ಉಪಾಯ ಇದೆ. ಆಕೆಯ ಶ್ರುತಿ 5 ಮನೆ, ಆತನದು 1 ಮನೆ ಅಂತಿಟ್ಟುಕೊಳ್ಳಿ. ಆಕೆಯ ಮಧ್ಯಮವೇ ಆತನ ಷಡ್ಜ. ಆಕೆ ಶಂಕರಾಭರಣದಲ್ಲಿ ಹಾಡಲಿ. ಅದೇ ಸ್ವರಗಳನ್ನು ಮಧ್ಯಮದಿಂದ ಎಣಿಸಿದರೆ ಕಲ್ಯಾಣಿ, ಆತ ಕಲ್ಯಾಣಿಯಲ್ಲಿ ಉತ್ತರ ಕೊಡಲಿ. ಹಾರ್ಮೋನಿಯಂನವರು ಯಾವ ಮನೆಯನ್ನೂ ಬದಲಿಸೋದು ಬೇಡ, ಆತನ ಸರದಿ ಬಂದಾಗ ಆಧಾರ ಶ್ರುತಿಯನ್ನು 1 ಮನೆಗೆ ಹಿಡಿದರೆ ಆಯ್ತು. ವೀರೇಶಲಿಂಗಂ ಜೊತೆಗಿನ ವಾದಕ್ಕೆ ಹೇಳಿ ಮಾಡಿಸಿದ್ದು: ಒಂದೇ ಸ್ವರಗಳು, ಬೇರೆ ನೆಲೆ. ಶ್ರುತಿ ಬದಲಾಗೋ ಒಂದು ಕ್ಷಣ ಮಾತ್ರ ಮೃದಂಗದವರು ಬಾರಿಸದೆ ಬಿಡಲಿ, ಇಲ್ಲದಿದ್ದರೆ 5 ಮನೆಗೆ ಕೂರಿಸಿದ ಬಲಮುಚ್ಚಳ ಅಡ್ಡ ಬರುತ್ತೆ.

ಇನ್ನೊಂದು. ಗ್ರಾಮಫೋನ್ ದೃಶ್ಯ ಬೇಕಾದರೆ ಇಡಿ. ಹತ್ತು ಇಂಚಿನ ಪ್ಲೇಟಿನ ಒಂದು ಮುಖಕ್ಕೆ ಸುಮಾರು ಮೂರು ನಿಮಿಷ, ವಿದ್ಯುತ್ ಮೈಕ್ ಬರೋ ಮುಂಚೆ ತುತ್ತೂರಿಯೊಳಗೆ ಬಾಯಿ ಇಟ್ಟು ಹಾಡಬೇಕು. ಅರ್ಧ ಗಂಟೆಯ ಹಾಡನ್ನು ಮೂರು ನಿಮಿಷಕ್ಕೆ ಹಿಂಡೋ ಗಾಯಕಿಯ ಪಾಡು ರಂಗದ ಮೇಲೆ ತಾನಾಗಿ ನಾಟಕ.

ಸೈಡ್‌ವಿಂಗ್_ಸೀನ

ನಟಿ ಮೂವರು. ಹುಡುಗಿ, ನಡುವಯಸ್ಸು, ಮುದುಕಿ. ಒಬ್ಬರೇ ಅಂದ್ರೆ ಮೇಕಪ್‌ಗೆ ಆರು ನಿಮಿಷ ಬೇಕು, ಆ ಆರು ನಿಮಿಷ ತುಂಬೋಕೆ ಬೇಡದ ಹಾಸ್ಯ ದೃಶ್ಯ ಹುಟ್ಟುತ್ತೆ.

ಕೈ ಬದಲಾಗೋದು ತಂಬೂರಿಯಿಂದ ತೋರಿಸಿ. ಹುಡುಗಿ ಮೀಟ್ತಾ ಇರ್ತಾಳೆ, ದೊಡ್ಡವಳು ಬಂದು ಹಿಂದಿನಿಂದ ದಂಡಿ ಹಿಡೀತಾಳೆ, ಹುಡುಗಿ ಎದ್ದು ಹೋಗ್ತಾಳೆ, ನಾದ ನಿಲ್ಲಬಾರದು. ಆ ನಾದ ನಿಜವಾದ ತಂಬೂರಿಯದ್ದಲ್ಲ ಅಂತ ಮೊದಲೇ ತೀರ್ಮಾನಿಸಿ. ಲೈಟಿನ ಬಿಸಿಗೆ ತಂತಿ ಶ್ರುತಿ ಬಿಡುತ್ತೆ, ರಂಗದ ಮೇಲೆ ತಿರುಗಿ ಕೂರಿಸೋಕೆ ಆಗಲ್ಲ. ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ಸೌಂಡ್ ಟೇಬಲ್‌ನಲ್ಲಿ, ತಂಬೂರಿ ಬರೀ ಕಣ್ಣಿಗೆ. ತಂತಿ ಸಡಿಲಿಸಿಡಿ, ತಪ್ಪಿ ಮೀಟಿದರೂ ಕೇಳಬಾರದು.

ಮೈಕ್: ಕೆನ್ನೆಗೆ ಅಂಟಿಸಿದರೆ ಝುಮಕಿ ಬಡಿದು ಟಿಕ್ ಟಿಕ್ ಅನ್ನುತ್ತೆ. ಬೈತಲೆ ಹತ್ತಿರ ಕೂದಲ ಅಂಚಿಗೆ ಅಂಟಿಸಿ, ತಂತಿ ಜಡೆಯೊಳಗೆ ಇಳಿಸಿ. ಮಲ್ಲಿಗೆ ದಂಡೆ ಮೈಕ್ ಹಾಕಿದ ಮೇಲೆ ಮುಡೀಬೇಕು, ಮುಂಚೆ ಅಲ್ಲ. ಟ್ರಾನ್ಸ್‌ಮಿಟರ್ ಸೊಂಟದ ಹಿಂದೆ ಕಟ್ಟಿದರೆ ನೆಲದಲ್ಲಿ ಕೂತು ಹಾಡೋವಾಗ ಬೆನ್ನಿಗೆ ಒತ್ತುತ್ತೆ, ಕಂಕುಳ ಕೆಳಗೆ ಪಟ್ಟಿ ಹೊಲಿಸಿ. ಹೊಸ ಬ್ಯಾಟರಿ ಪ್ರತಿ ಶೋಗೂ.

ಸೀರೆ ಒಂಬತ್ತು ಗಜ ಬೇಕೆಂದರೆ ಕಚ್ಚೆ ಹೊಲಿದು ಹುಕ್ ಹಾಕಿಸಿ. ವಿಂಗ್‌ನಲ್ಲಿ 40 ಸೆಕೆಂಡಿನ ಬದಲಾವಣೆಗೆ ಇಬ್ಬರು ಬೇಕು, ತಾಲೀಮು ಟಾರ್ಚ್ ಬೆಳಕಲ್ಲೇ ಮಾಡಿ.

ರಂಗಶಂಕರದಲ್ಲಿ ಆಡೋದಾದರೆ ತಡವಾಗಿ ಬಂದವರಿಗೆ ಬಾಗಿಲಿಲ್ಲ, ಮೊದಲ ನಿಮಿಷದಿಂದಲೇ ಮುಖ್ಯ ವಿಷಯ ಶುರು ಮಾಡಬಹುದು. ಬೇರೆ ಸಭಾಂಗಣಗಳಲ್ಲಿ ಜನ ಹತ್ತು ನಿಮಿಷ ಬರ್ತಾನೇ ಇರ್ತಾರೆ. ಅಲ್ಲಿಗೆ ನಾಂದಿ ಹಾಡು ಉದ್ದ ಇರಲಿ, ತಪ್ಪಿಸಿಕೊಂಡರೂ ಕಥೆ ತಪ್ಪಬಾರದು.

ಬನಶಂಕರಿ_ಬಯಲಾಟ

ಎಲ್ಲರಿಗೂ ನಮಸ್ಕಾರ. ಪ್ರೇಮಕಥೆ ಇತ್ತು ಸಾರ್, ಒಪ್ಪಿದೆ, ತೆಗೆದೆವು. ಎರಡು ಅನುಮಾನ ಉಳಿದಿದೆ. ನಿಜದ ಹೆಸರು ಬಳಸಿದರೆ ಕಾನೂನಿನ ತೊಡಕು ಏನಾದರೂ? ನಾಯಕಿಯ ಹೆಸರನ್ನೇ "ರತ್ನಾಂಬ" ಅಂತ ಬದಲಿಸಿದರೆ ಕ್ಷೇಮ ಅಂತ ನಮ್ಮಲ್ಲಿ ಕೆಲವರ ವಾದ. ಆಮೇಲೆ, ತಿರುವಯ್ಯಾರಿನವರು ತಮಿಳು ಆಡಬೇಕಲ್ಲ, ಅದನ್ನು ಏನು ಮಾಡೋದು?

ಷರಾ_ಬರೆಯುವವ

ಹೆಸರು ಬದಲಿಸಿದರೆ ಕ್ಷೇಮ ಅನ್ನೋದು ಭ್ರಮೆ. ರಾಧಿಕಾ ಸಾಂತ್ವನ, ತಿರುವಯ್ಯಾರು ಎರಡೂ ಇದ್ದ ಮೇಲೆ ರತ್ನಾಂಬ ಯಾರು ಅಂತ ಯಾರಿಗೆ ಗೊತ್ತಾಗಲ್ಲ? ಗುರುತು ಸಿಗುವಂತಿದ್ದರೆ ಹೆಸರಿನ ಮರೆ ಕೆಲಸಕ್ಕೆ ಬಾರದು. ನಿಜದ ಹೆಸರೇ ಇಡಿ.

ಮಾನಹಾನಿಗೆ ಈಗ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ. ತೀರಿಕೊಂಡವರ ಬಗ್ಗೆಯೂ ಅದು ಅನ್ವಯಿಸಬಹುದು. ಬದುಕಿದ್ದರೆ ಅವರ ಹೆಸರಿಗೆ ಧಕ್ಕೆ ತರುವಂಥ ಆರೋಪ, ಜೊತೆಗೆ ಮನೆಯವರ ಮನಸ್ಸು ನೋಯಿಸುವ ಉದ್ದೇಶ, ಎರಡೂ ಇದ್ದಾಗ. ಆದ್ದರಿಂದ ಆಧಾರ ಇಲ್ಲದ ಕೆಟ್ಟ ಕೆಲಸವನ್ನು ನಿಜದ ಹೆಸರಿನವರ ಮೇಲೆ ಹೊರಿಸಬೇಡಿ. ಕಥೆಗೆ ಬೇಕೇ ಬೇಕಿದ್ದರೆ ಪೂರ್ತಿ ಕಲ್ಪಿತ ಪಾತ್ರಕ್ಕೆ ಕೊಡಿ, ಅದು ಯಾರನ್ನೂ ಹೋಲದಿರಲಿ. ಆಕೆಗೆ ಆಶ್ರಯ ಕೊಟ್ಟ ಗಣ್ಯರ ವಿಷಯದಲ್ಲಿ ಇದು ಮುಖ್ಯ. ಮಾತು ಹಿಡಿದು ಬರೆಯಿರಿ.

ಹಕ್ಕುಸ್ವಾಮ್ಯ ಬೇರೆ ವಿಷಯ. ನಡೆದ ಘಟನೆಗೆ ಯಾರೂ ಒಡೆಯರಲ್ಲ, ಅದನ್ನು ಬರೆದ ರೀತಿಗೆ ಒಡೆಯರಿದ್ದಾರೆ. ಲೇಖಕ ತೀರಿಕೊಂಡ ಮೇಲೆ 60 ವರ್ಷ. ತ್ಯಾಗರಾಜರು 1847ರಲ್ಲಿ ತೀರಿಕೊಂಡವರು, ಚಿಂತೆ ಇಲ್ಲ. ನಾಗರತ್ನಮ್ಮನವರ ಸ್ವಂತ ಬರಹಕ್ಕೂ 2012ರ ಕೊನೆಗೆ ಅವಧಿ ಮುಗಿದಿದೆ. ಆದರೆ ಅವರ ಮೇಲೆ ಈಚೆಗೆ ಬಂದ ಜೀವನಚರಿತ್ರೆ, ನಾಟಕಗಳಿಂದ ಸಂಭಾಷಣೆ ಎತ್ತಿದರೆ ಸಿಕ್ಕಿಬೀಳ್ತೀರಿ. ಎಷ್ಟೋ ಸಲ ಓದಿ ಓದಿ ಯಾವುದು ಅವರೇ ಆಡಿದ ಮಾತು, ಯಾವುದು ಲೇಖಕರು ಕಟ್ಟಿದ ಮಾತು ಅನ್ನೋದೇ ಮರೆತುಹೋಗಿರುತ್ತೆ. ಕರಡಿನಲ್ಲಿ ಪ್ರತಿ ಉದ್ಧೃತ ವಾಕ್ಯದ ಪಕ್ಕ ಎಲ್ಲಿಂದ ಬಂತು ಅಂತ ಷರಾ ಹಾಕಿ. ಷರಾ ಬರೆಯೋಕೆ ಆಗದ ವಾಕ್ಯ ಹೊಡೆದುಹಾಕಿ. ಹೊಸ ರಂಗಗೀತೆಗಳಿಗೆ ಸಾಹಿತ್ಯ ಬರೆದವರು, ರಾಗ ಹಾಕಿದವರು ಇಬ್ಬರಿಂದಲೂ ಬೇರೆ ಬೇರೆ ಒಪ್ಪಿಗೆ ಪತ್ರ ಮೊದಲ ತಾಲೀಮಿಗೆ ಮುಂಚೆ.

ಕರಪತ್ರದಲ್ಲಿ "ಜೀವನಾಧಾರಿತ" ಬೇಡ, "ಜೀವನದಿಂದ ಪ್ರೇರಿತ" ಅಂತಿರಲಿ. ಅದರ ಕೆಳಗೆ ಯಾವ ಪಾತ್ರಗಳು ಕಲ್ಪಿತ ಅಂತ ಹೆಸರು ಹಿಡಿದು ಎರಡು ಸಾಲು. "ಕೆಲವು ಪಾತ್ರಗಳು ಕಾಲ್ಪನಿಕ" ಅಂತ ತೇಲಿಸಿದರೆ ಪ್ರಯೋಜನವಿಲ್ಲ.

ಮಡಚಿದ_ಪರದೆ ಅವರ ಒಂದು ಮಾತಿಗೆ ನನ್ನ ತಕರಾರು ಇದೆ. 1921ರ ಕಾಗದದಿಂದಲೇ ಎರಡನೇ ಅಂಕ ಎದ್ದರೆ 1911ರ ನಿಷೇಧ ಅಲ್ಲಿಗೇ ಬಿಟ್ಟುಹೋಗುತ್ತೆ. ನಿಷೇಧ ತೆರವಾದದ್ದು 1947ರಲ್ಲಿ, ಆಕೆ ಬದುಕಿದ್ದಾಗಲೇ. ಮೂವತ್ತಾರು ವರ್ಷದ ಎಳೆ ಅದು. ಎರಡನೇ ಅಂಕದಲ್ಲಿ ಆ ಪುಸ್ತಕ ಎಲ್ಲೋ ಒಂದು ಕಡೆ ಬಟ್ಟೆ ಸುತ್ತಿಕೊಂಡು ರಂಗದ ಮೇಲೆ ಇರಲೇಬೇಕು.

ಮಡಚಿದ_ಪರದೆ

ಒಪ್ಪಿದೆ. ತಂಬೂರಿಯ ಗವಸಿನೊಳಗೆ ಇಡಿ. 1911ರಲ್ಲಿ ಬಚ್ಚಿಟ್ಟಿದ್ದು, 1947ರಲ್ಲಿ ಮುದುಕಿ ಗವಸು ಬಿಚ್ಚಿದಾಗ ಬೀಳಲಿ. ಮಾತು ಒಂದೂ ಬೇಡ.

ತಮಿಳಿನ ವಿಷಯ: ಎಲ್ಲರೂ ಕನ್ನಡವನ್ನೇ ಆಡಲಿ. ಬಾಗಿಲಲ್ಲಿ ತಡೆಯುವವನ ಮೊದಲ ಎರಡು ಸಾಲು ಮಾತ್ರ ತಮಿಳು, ಆಕೆ ಅದೇ ತಮಿಳಲ್ಲಿ ಒಂದು ಸಾಲು ಉತ್ತರಿಸಲಿ, ಅಲ್ಲಿಂದ ಕನ್ನಡಕ್ಕೆ ಹೊರಳಿ. ಜನ ಒಪ್ಪಿಕೊಳ್ತಾರೆ. ಕನ್ನಡದಲ್ಲಿ ತಮಿಳಿನ ಎಳೆತ ಅಣಕಿಸುವುದು ಮಾತ್ರ ಬೇಡ. ನಗು ಬರುತ್ತೆ, ದೃಶ್ಯ ಹೋಗುತ್ತೆ.

ಸೈಡ್‌ವಿಂಗ್_ಸೀನ

ಕೊನೆಯ ಚಿತ್ರಕ್ಕೆ ಒಂದು ಮಾತು. ತಿರುವಯ್ಯಾರಿನಲ್ಲಿ ಆಕೆಯ ಕೂತ ವಿಗ್ರಹ ತ್ಯಾಗರಾಜರ ಸಮಾಧಿಗೆ ಮುಖ ಮಾಡಿದೆ, ಕೈ ಮುಗಿದುಕೊಂಡು. ಸಮಾಧಿಯನ್ನು ರಂಗದ ಹಿಂಭಾಗಕ್ಕೆ ಕಟ್ಟಿದರೆ ಜನಕ್ಕೆ ಆಕೆಯ ಬೆನ್ನು ಕಾಣುತ್ತೆ. ಸೆಟ್ಟೇ ಬೇಡ. ಸಮಾಧಿ ಪ್ರೇಕ್ಷಕರ ಕಡೆ ಇದೆ ಅಂತಿಟ್ಟುಕೊಂಡು ರಂಗದ ಮುಂದಿನ ಅಂಚಲ್ಲಿ ಒಂದು ದೀಪ ಇಡಿ, ನಟಿ ಎರಡೂವರೆ ಅಡಿ ಹಿಂದೆ ಕೂರಲಿ. ಎಣ್ಣೆ ದೀಪಕ್ಕೆ ಸಭಾಂಗಣದವರ ಅನುಮತಿ ಬೇಕಾಗುತ್ತೆ, ಸಿಗದಿದ್ದರೆ ಬ್ಯಾಟರಿ ದೀಪ. ಫ್ಯಾನ್ ಗಾಳಿಗೆ ಆರೋ ಭಯವೂ ಇರಲ್ಲ.